ಎರಡು ಮೀನು, ಒಂದು ಸಂಪು, ನೆಲದ ತುಂಬ ಸಮುದ್ರ

ನಮ್ಮ ಮನೆಯಲ್ಲಿ ಎರಡು ಕ್ಲೌನ್ ಮೀನುಗಳಿವೆ. ಒಂದೊಂದೂ ನನ್ನ ಹೆಬ್ಬೆರಳಿನಷ್ಟು ಉದ್ದ. ಅವು ಮಾಡುವ ಗಲೀಜನ್ನು ತೆಗೆಯೋಕೆ ನಾನು ಕೂರಿಸಿರುವ ಪಂಪು, ಪೈಪು, ಡಬ್ಬಿಗಳನ್ನೆಲ್ಲ ಒಟ್ಟಿಗೆ ಎತ್ತಬೇಕು ಅಂದರೆ ಇಬ್ಬರು ಗಟ್ಟಿ ಆಳು ಬೇಕು.

ಮೊದಲು ನಮ್ಮಲ್ಲಿದ್ದದ್ದು ಸಿಹಿನೀರಿನ ಅಕ್ವೇರಿಯಂ. ಅದಕ್ಕೊಂದು ಕ್ಯಾನಿಸ್ಟರ್ ಫಿಲ್ಟರ್ ಇತ್ತು, ವರ್ಷಗಟ್ಟಲೆ ತಕರಾರಿಲ್ಲದೆ ಓಡಿತ್ತು. ಉಪ್ಪುನೀರಿಗೆ ಬದಲಾಯಿಸುವಾಗ ಅದನ್ನೇ ಹಾಕಿದರಾಯ್ತು ಅಂದುಕೊಂಡೆ. ನೀರು ನೀರೇ ಅಲ್ವಾ, ಸ್ವಲ್ಪ ಉಪ್ಪು ಜಾಸ್ತಿ, ಅಷ್ಟೇ. ಆ ಸ್ವಲ್ಪ ಅನ್ನೋದು ಲೀಟರಿಗೆ 35 ಗ್ರಾಂ ಅಂತ ಆಮೇಲೆ ಗೊತ್ತಾಯಿತು.

ಕ್ಯಾನಿಸ್ಟರಿನ ಸುಖ ಏನಂದರೆ ಅದು ಮುಚ್ಚಿದ ಡಬ್ಬಿ. ಅದರ ಕಷ್ಟವೂ ಅದೇ. ಎರಡು ತಿಂಗಳು ನಾನು ಅದರ ಮುಚ್ಚಳ ತೆಗೆಯಲಿಲ್ಲ. ನೀರು ಫಳಫಳ ಹೊಳೆಯುತ್ತಿತ್ತು, ಪರೀಕ್ಷೆ ಮಾಡಿದರೆ ನೈಟ್ರೇಟ್ ಮಾತ್ರ ವಾರವಾರಕ್ಕೂ ಏರುತ್ತಿತ್ತು. ಕೊನೆಗೊಂದು ದಿನ ಬಚ್ಚಲಲ್ಲಿ ಕೂತು ತೆಗೆದೆ. ಆ ವಾಸನೆಯ ಬಗ್ಗೆ ಇಷ್ಟೇ ಹೇಳುತ್ತೇನೆ, ಮಗಳು ಎರಡು ರೂಮು ದಾಟಿ ಆಚೆಯಿಂದ "ಅಪ್ಪಾ, ಏನು ಸತ್ತಿದೆ?" ಅಂತ ಕೂಗಿದಳು. ಸ್ಪಾಂಜಿನಲ್ಲಿ ಸಿಕ್ಕಿದ ಕಸ ನೀರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನೆಂಟರು ಬರುತ್ತಾರೆ ಅಂತ ಸಾಮಾನೆಲ್ಲ ಮಂಚದಡಿ ತಳ್ಳುತ್ತೇವಲ್ಲ, ಹಾಗೆ ಕಣ್ಣಿಗೆ ಕಾಣದ ಕಡೆ ಕೂತಿತ್ತು. ಅಲ್ಲೇ ಕೊಳೆತು ಅಮೋನಿಯಾ ಆಗಿ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡಿ, ವಾಪಸ್ ಮೀನಿಗೇ ಕಳಿಸುತ್ತಿತ್ತು. ವಾರಕ್ಕೊಮ್ಮೆ ತೊಳೆಯುವವರಿಗೆ ಕ್ಯಾನಿಸ್ಟರ್ ಸರಿ. ನಾನು ಆ ಜಾತಿಯ ಮನುಷ್ಯನಲ್ಲ.

ಸರಿ, ಕಸ ಕೊಳೆಯುವ ಮುಂಚೆಯೇ ಹೊರಗೆ ಹಾಕೋ ಯಂತ್ರ ಬೇಕು. ಅದೇ ಪ್ರೋಟೀನ್ ಸ್ಕಿಮ್ಮರ್. ಸಮುದ್ರದ ದಡದಲ್ಲಿ ಅಲೆ ಬಡಿದು ಕಂದು ನೊರೆ ಕಟ್ಟಿರೋದು ನೋಡಿರುತ್ತೀರಿ, ಅದೇ ಕೆಲಸ ಒಂದು ಕೊಳವೆಯೊಳಗೆ. ಸಣ್ಣ ಸಣ್ಣ ಗುಳ್ಳೆ ಬಿಟ್ಟರೆ ನೀರಿನಲ್ಲಿ ಕರಗಿರೋ ಕಸ, ಪ್ರೋಟೀನು ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ, ತುದಿಯಲ್ಲಿರೋ ಬಟ್ಟಲಿನಂಥ ಕಪ್ಪಿಗೆ ಬೀಳುತ್ತೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದಪ್ಪಗಾಗಿ ಒಡೆದುಹೋಗುತ್ತವೆ, ಹಾಗಾಗಿ ಈ ಆಟ ಅಲ್ಲಿ ನಡೆಯಲ್ಲ.

ಒಳ್ಳೆ ಸ್ಕಿಮ್ಮರುಗಳೆಲ್ಲ ಸಂಪಿನಲ್ಲಿ ಕೂರುವಂಥವು. ಇದನ್ನು ಮನೆಯಲ್ಲಿ ಹೇಳಿದ ರೀತಿ ತಪ್ಪಾಯಿತು.

"ಮೀನಿಗೆ ಒಂದು ಸಂಪು ಬೇಕು ಕಣೇ."

ಅವಳು ಓದುತ್ತಿದ್ದ ಪೇಪರು ಕೆಳಗಿಳಿಸಿದಳು. "ನೆಲ ಅಗೀತೀರಾ?"

ಸಂಪು ಅಂದರೆ ನಮಗೆಲ್ಲ ಗೊತ್ತಿರೋದು ನೆಲದೊಳಗಿನ ನೀರಿನ ತೊಟ್ಟಿ. ಇದು ಹಾಗಲ್ಲ, ಸ್ಟ್ಯಾಂಡಿನ ಕಪಾಟಿನೊಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ, ಮೇಲಿನ ನೀರು ಪೈಪಿನಲ್ಲಿ ಕೆಳಗಿಳಿದು ಶುದ್ಧವಾಗಿ ಪಂಪಿನಲ್ಲಿ ಮೇಲೆ ಹೋಗುತ್ತೆ ಅಂತ ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿ, "ಅಂದರೆ ಮೀನಿನ ತೊಟ್ಟಿಗೆ ಮೀನಿಲ್ಲದ ಇನ್ನೊಂದು ತೊಟ್ಟಿ" ಅಂದಳು. ಅಷ್ಟೇ ವಿಷಯ, ನಿಜ ಹೇಳಬೇಕಂದರೆ.

ನೀರು ಕೆಳಗಿಳಿಯೋಕೆ ತೊಟ್ಟಿಗೆ ತೂತು ಬೇಕು. ಹಳೇ ತೊಟ್ಟಿಗೆ ತೂತಿರಲಿಲ್ಲ. ತೂತಿರುವ ಹೊಸ ತೊಟ್ಟಿ ಬಂತು, 100 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಅದಕ್ಕೆ ಹಳೇ ಸ್ಟ್ಯಾಂಡ್ ಸಾಲಲಿಲ್ಲ, ಹೊಸ ಸ್ಟ್ಯಾಂಡ್ ಬಂತು. ಲಾಳ ಸಿಕ್ಕಿತು ಅಂತ ಕುದುರೆ ಕೊಂಡವನ ಕಥೆ ಕೇಳಿ ನಗುತ್ತಿದ್ದೆ ನಾನು.

ಸ್ಕಿಮ್ಮರನ್ನು ಮಾತ್ರ ಅಳತೆ ನೋಡಿಯೇ ತಂದೆ. ಕಪಾಟಿನ ಒಳಗೆ 55 ಸೆಂಟಿಮೀಟರ್ ಎತ್ತರ, ಸ್ಕಿಮ್ಮರ್ 52. ಹೇಳಿ ಮಾಡಿಸಿದ ಹಾಗೆ ಕೂತಿತು. ಮೂರನೇ ವಾರ ಕಪ್ಪು ತುಂಬಿತು, ತೆಗೆಯಲು ಕೈ ಹಾಕಿದೆ. ಕಪ್ಪು ತಿರುಗಿತು, ಮೇಲೆ ಬರಲಿಲ್ಲ. ಅದನ್ನು ಕಳಚೋಕೆ ಎಂಟು ಹತ್ತು ಸೆಂಟಿಮೀಟರ್ ಮೇಲೆತ್ತಬೇಕು, ನನ್ನ ಹತ್ತಿರ ಇದ್ದದ್ದು ಮೂರಕ್ಕೂ ಕಮ್ಮಿ. ಇಡೀ ಯಂತ್ರವನ್ನು ವಾಲಿಸಿ ತೆಗೆಯೋಣ ಅಂತ ಹೋಗಿ ಆ ಕಂದು ರಸ ಮೊಣಕೈವರೆಗೂ ಇಳಿಯಿತು. ಮೂರು ಸಲ ಸೋಪು ಹಾಕಿದರೂ ಆವತ್ತು ಯಾರೂ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ. ಅದನ್ನು ಮಾರಿ ಗಿಡ್ಡದೊಂದು ತಂದೆ.

ಹೊಸ ಸ್ಕಿಮ್ಮರ್ ಅಂದರೆ ಹೊಸ ಅಳಿಯನ ಥರ, ಒಗ್ಗಿಕೊಳ್ಳೋಕೆ ಒಂದು ವಾರ ಬೇಕು. ಅಲ್ಲಿವರೆಗೆ ನೊರೆಯೇ ಬರಲ್ಲ, ಬಂದರೆ ವಿಪರೀತ. ನಾನು ದಿನಾ ಸಂಜೆ ಕಪಾಟಿನ ಮುಂದೆ ಚಕ್ಕಳಮಕ್ಕಳ ಕೂತು ಅದರ ತಿರುಪನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸುತ್ತಿದ್ದೆ. ಒಂದು ದಿನ ತಲೆಗೆ ಎಣ್ಣೆ ಹಚ್ಚಿದ ಕೈಯನ್ನು ಸರಿಯಾಗಿ ತೊಳೆಯದೆ ನೀರಿಗೆ ಹಾಕಿಬಿಟ್ಟೆ. ಕುತ್ತಿಗೆವರೆಗೆ ಬಂದಿದ್ದ ನೊರೆ ದಬಕ್ ಅಂತ ಕೂತುಬಿಟ್ಟಿತು. ಎಣ್ಣೆ ಜಿಡ್ಡು ತಗುಲಿದರೆ ನೊರೆ ನಿಲ್ಲಲ್ಲ. ಅದರ ಮುನಿಸು ಇಳಿಯಲು ಮಾರನೇ ದಿನ ಆಗಬೇಕಾಯಿತು.

ಇಷ್ಟೆಲ್ಲ ಮಾಡಿದರೂ ಹೆಚ್ಚಿನ ಕೆಲಸ ಮಾಡುತ್ತಿದ್ದದ್ದು ಯಾವುದು ಗೊತ್ತಾ? ಕಲ್ಲು. ಲೈವ್ ರಾಕ್ ಅಂತಾರೆ. ತೂತುತೂತಾದ, ಹಗುರಾದ ಹವಳದ ಕಲ್ಲು. ಅದರ ಮೇಲೆ ಒಂದು ಥರದ ಬ್ಯಾಕ್ಟೀರಿಯಾ ಅಮೋನಿಯಾ ತಿಂದರೆ, ಗಾಳಿಯಾಡದ ಒಳಗಿನ ಸಂದಿಯಲ್ಲಿ ಇನ್ನೊಂದು ಥರ ನೈಟ್ರೇಟನ್ನೂ ತಿಂದು ನೈಟ್ರೋಜನ್ ಅನಿಲ ಮಾಡಿ ಬಿಡುತ್ತೆ. ಪಂಪಿಲ್ಲ, ತಿರುಪಿಲ್ಲ, ಮುನಿಸಿಲ್ಲ. ಈ ಬ್ಯಾಕ್ಟೀರಿಯಾ ನೆಲೆಯೂರಲಿ ಅಂತ ಮೀನು ಬಿಡುವ ಮುಂಚೆ ಐದು ವಾರ ಕಲ್ಲು ನೀರು ಮಾತ್ರ ಇಟ್ಟುಕೊಂಡು ಕೂತಿದ್ದೆ. ಬಂದವರೆಲ್ಲ ಬಗ್ಗಿ ನೋಡಿ ಮೀನೆಲ್ಲಿ ಅಂತ ಕೇಳೋರು. ಬ್ಯಾಕ್ಟೀರಿಯಾ ಇದೆ ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಅವರು ನನ್ನ ಹೆಂಡತಿಯ ಮುಖ ನೋಡೋರು. ಕಲ್ಲನ್ನು ಮೊದಲೇ ಜಾಸ್ತಿ ಹಾಕಿದ್ದರೆ ಅರ್ಧ ಯಂತ್ರ ಬೇಕಾಗುತ್ತಿರಲಿಲ್ಲ ಅನ್ನೋದು ಅವಳಿಗೆ ಇನ್ನೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ.

ಇನ್ನು ಆ ರಾತ್ರಿ. ಎರಡು ಗಂಟೆಗೆ ನೀರು ಕುಡಿಯಲು ಎದ್ದೆ. ಕರೆಂಟು ಹೋಗಿತ್ತು. ಹಾಲ್‌ಗೆ ಕಾಲಿಟ್ಟರೆ ತಣ್ಣಗೆ, ಒದ್ದೆ. ಕಾಲೆತ್ತಿ ಇನ್ನೊಂದು ಕಡೆ ಇಟ್ಟೆ, ಅಲ್ಲೂ ಒದ್ದೆ. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಕಪಾಟಿನ ಬಾಗಿಲಡಿಯಿಂದ ಸದ್ದಿಲ್ಲದೆ ಸಮುದ್ರ ಬರುತ್ತಿತ್ತು, ನನ್ನ ಒಂದು ಚಪ್ಪಲಿ ಅದರಲ್ಲಿ ಮೆಲ್ಲಗೆ ತೇಲುತ್ತಾ ಬಾಗಿಲ ಕಡೆ ಹೊರಟಿತ್ತು.

ಆಗಿದ್ದು ಇಷ್ಟೇ. ಪಂಪಿನಿಂದ ಮೇಲೆ ಹೋಗುವ ಪೈಪಿನ ಬಾಯಿ ಮೇಲಿನ ತೊಟ್ಟಿಯಲ್ಲಿ ನೀರಿನಿಂದ 10 ಸೆಂಟಿಮೀಟರ್ ಕೆಳಗಿತ್ತು. ಕರೆಂಟು ಹೋದ ತಕ್ಷಣ ಅದೇ ಪೈಪು ಉಲ್ಟಾ ಎಳೆಯೋಕೆ ಶುರುಮಾಡಿತು, ಬಾಯಿ ಗಾಳಿಗೆ ಬರುವವರೆಗೂ ನಿಲ್ಲಲಿಲ್ಲ. ನಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ ನಾಲ್ಕೂವರೆ ಲೀಟರ್. ಹತ್ತು ಸೆಂಟಿಮೀಟರಿಗೆ 45. ಸಂಪಿನಲ್ಲಿ ಖಾಲಿ ಇದ್ದದ್ದು 20 ಲೀಟರಿನ ಜಾಗ. ಉಳಿದ 25 ಹಾಲ್‌ನಲ್ಲಿತ್ತು. ಈ ಲೆಕ್ಕ ಎರಡನೇ ಕ್ಲಾಸಿನದು, ಆದರೆ ನೆಲ ಒದ್ದೆಯಾಗುವ ಮುಂಚೆ ಅದನ್ನು ಮಾಡೋಕೆ ನನಗೆ ಹೊಳೆದಿರಲಿಲ್ಲ.

ಇಬ್ಬರೂ ಸೇರಿ ಬೆಳಗಿನ ಜಾವದವರೆಗೆ ಬಟ್ಟೆ ಹಿಂಡಿದೆವು. ಬೆಳಕಾದ ಮೇಲೆ ನೋಡಿದರೆ ನೆಲದ ಮೇಲೆ ಬಿಳಿ ಬಿಳಿ ರಂಗೋಲಿ. ಉಪ್ಪು. ಒರೆಸಿದಂತೆಲ್ಲ ಹೋಗುತ್ತೆ, ಒಣಗಿದರೆ ಬರುತ್ತೆ. ಇಪ್ಪತ್ತೈದು ಲೀಟರಿನಲ್ಲಿ ಮುಕ್ಕಾಲು ಕಿಲೋಗೂ ಜಾಸ್ತಿ ಉಪ್ಪಿರುತ್ತಲ್ಲ. ಮೀನುಗಳು ಮಾತ್ರ ಅಷ್ಟು ಕಡಿಮೆ ನೀರಿನಲ್ಲೂ ಆರಾಮಾಗಿ ಈಜುತ್ತಾ ನಮ್ಮನ್ನೇ ನೋಡುತ್ತಿದ್ದವು.

ನೀರನ್ನು ಒಂದೇ ಕಡೆಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಬಹುದಿತ್ತು. ಆದರೆ ಅದರೊಳಗೆ ಸುಣ್ಣ ಕಟ್ಟಿಕೊಂಡು, ಬಸವನಹುಳು ಸಿಕ್ಕಿಕೊಂಡು, ಬೇಕಾದ ದಿನವೇ ಅದು ಮುಚ್ಚಲ್ಲ. ಕೊನೆಗೆ ಪೈಪಿನ ಬಾಯಿಯನ್ನು ಮೇಲಕ್ಕೆತ್ತಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆದೆ. ನೀರು ಅಷ್ಟು ಇಳಿದರೆ ತೂತು ಗಾಳಿ ಎಳೆದುಕೊಳ್ಳುತ್ತೆ, ಹರಿವು ನಿಲ್ಲುತ್ತೆ. ಇಷ್ಟೆಲ್ಲ ಯಂತ್ರ ತಂದಮೇಲೆ ನನ್ನನ್ನು ಕಾಪಾಡಿದ್ದು ಒಂದು ತೂತು.

ಭಾನುವಾರ ಪರೀಕ್ಷೆ ಇಟ್ಟೆ. ಮಗಳು ಬಕೆಟ್ ಹಿಡಿದು ನಿಂತಳು, ಅವಳಮ್ಮ ನೆಲ ಒರೆಸೋ ಬಟ್ಟೆ ಹಿಡಿದು. ಸ್ವಿಚ್ ಆರಿಸಿದೆ. ಮೇಲಿನ ನೀರು ಇಳಿಯತೊಡಗಿತು. ಒಂದು ಸೆಂಟಿಮೀಟರ್, ಒಂದೂವರೆ, ಆಮೇಲೆ ಪೈಪಿನಿಂದ ಸೊರ್ರ್ ಅಂತ ಗಾಳಿಯ ಸದ್ದು, ಎಲ್ಲ ನಿಶ್ಶಬ್ದ. ಸಂಪಿನಲ್ಲಿ ಇನ್ನೂ ನಾಲ್ಕು ಬೆರಳು ಜಾಗ. ಮಗಳು ಚಪ್ಪಾಳೆ ಹೊಡೆದಳು. ನಾನು ಗೆದ್ದವನ ಠೀವಿಯಲ್ಲಿ ಎಲ್ಲ ಸ್ವಿಚ್ಚನ್ನೂ ಒಂದೇ ಸಲ ಹಾಕಿದೆ.

ಸಂಪಿನ ನೀರು ಇನ್ನೂ ಮೇಲಿತ್ತು. ಆ ನೀರಿನಲ್ಲಿ ಕತ್ತಿನವರೆಗೆ ಮುಳುಗಿದ್ದ ಸ್ಕಿಮ್ಮರ್ ಹಾಲುಕ್ಕಿದ ಹಾಗೆ ಉಕ್ಕಿತು, ಕಪ್ಪಿನ ಮುಚ್ಚಳ ಎಗರಿತು, ವಾರವಿಡೀ ಕೂಡಿಟ್ಟಿದ್ದ ಕಂದು ರಸ ಅರ್ಧ ಸಂಪಿಗೆ, ಅರ್ಧ ನೆಲಕ್ಕೆ. ಪಂಪು ಮೊದಲು, ಐದು ನಿಮಿಷ ಬಿಟ್ಟು ಸ್ಕಿಮ್ಮರ್ ಅನ್ನೋದನ್ನು ನಾನು ಆವಾಗ ಕಲಿತೆ.

ಬಟ್ಟೆ ಎಲ್ಲಿ ಅಂತ ತಿರುಗಿ ನೋಡಿದೆ. ಅವಳು ಕೆಳಗಿಟ್ಟೇ ಇರಲಿಲ್ಲ. "ತಗೊಳ್ಳಿ" ಅಂತ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.