ಹಳೇ ಕಲ್ಲು, ಹೊಸ ಬಿಲ್ಲು

ಕೋರಮಂಗಲದ ನಮ್ಮ ರಸ್ತೆಯಲ್ಲಿ ಎರಡು ಬೋರ್ಡುಗಳಿವೆ. ಒಂದು ‘ನಾವೀನ್ಯತಾ ಕೇಂದ್ರ’. ಇನ್ನೊಂದು ‘ಕಾಮಗಾರಿ ಪ್ರಗತಿಯಲ್ಲಿದೆ’. ಎರಡನೆಯದು ತುಂಬಾ ಹಳೆಯದು. ಅಕ್ಷರ ಮಾಸಿದಾಗ ಬಣ್ಣ ಬಳಿದು ಅಲ್ಲೇ ನಿಲ್ಲಿಸುತ್ತಾರೆ.

ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರು ರಸ್ತೆಗುಂಡಿಯನ್ನಾದರೂ ಕ್ಷಮಿಸುತ್ತಾರೆ, ಬೋರ್ಡಿನ ತಪ್ಪನ್ನಲ್ಲ. “ನವೀನದಿಂದ ನಾವೀನ್ಯ ಬಂತು. ಅಲ್ಲಿಗೆ ಮುಗೀತಲ್ಲಪ್ಪ, ಮೇಲೊಂದು ‘ತಾ’ ಯಾಕೆ?”

“‘ತಾ’ ಅನ್ನದೆ ಈ ಊರಲ್ಲಿ ಯಾವ ಕೆಲಸ ನಡೆದಿದೆ ಮೇಷ್ಟ್ರೇ?”

ಅವರು ನಗಲಿಲ್ಲ. ಪಾಠ ಶುರು ಮಾಡಿದರು. ನಾವೀನ್ಯ ಅಂದರೆ ಇಂಗ್ಲಿಷಿನ ಇನ್ನೋವೇಷನ್. ಅದರ ಬೇರು ಲ್ಯಾಟಿನ್ನಿನ ‘ನೋವುಸ್’, ನಮ್ಮ ‘ನವ’ದ ದಾಯಾದಿ. ನೋವುಸ್ ಎಂದ ಕೂಡಲೇ ಮೊನ್ನೆ ಗುಂಡಿಗೆ ಬಿದ್ದ ನನ್ನ ಸೊಂಟ ಹೂಂಗುಟ್ಟಿತು. ನೋವು ಮೊದಲಿಂದಲೂ ಪದದೊಳಗೇ ಇತ್ತು ಅನ್ನಿ. ‘ಇನ್ನೋವಾರೆ’ ಎಂದರೆ ಇಲ್ಲದ್ದನ್ನು ಹುಟ್ಟಿಸುವುದಲ್ಲವಂತೆ. ಇದ್ದದ್ದನ್ನೇ ಮತ್ತೆ ಹೊಸದು ಮಾಡುವುದಂತೆ.

ಹಾಗಾದರೆ ನಮ್ಮ ರಸ್ತೆಯ ಕಂಟ್ರಾಕ್ಟರಿಗಿಂತ ದೊಡ್ಡ ಇನ್ನೋವೇಟರ್ ಯಾರು? ಟಾರು ಹಾಕುತ್ತಾರೆ. ನೀರಿನ ಪೈಪಿಗೆ ಅಗೆಯುತ್ತಾರೆ. ಮುಚ್ಚುತ್ತಾರೆ. ಕೇಬಲ್ಲಿಗೆ ಅಗೆಯುತ್ತಾರೆ. ಮತ್ತೆ ಟಾರು. ಹಳೇ ಕಲ್ಲು, ಹೊಸ ಬಿಲ್ಲು ಎಂದು ಜನ ಸುಮ್ನೆ ಆಡಿಕೊಳ್ಳುತ್ತಾರೆ. ಪಾಪ, ಅದು ಶುದ್ಧ ಲ್ಯಾಟಿನ್.

ಈ ಪದಕ್ಕೆ ಮೊದಲು ಇಷ್ಟು ಮರ್ಯಾದೆ ಇರಲಿಲ್ಲ. 1548ರಲ್ಲಿ ಇಂಗ್ಲೆಂಡಿನ ದೊರೆ ಆರನೇ ಎಡ್ವರ್ಡ್ ಹೆಸರಲ್ಲಿ ಡಂಗುರ ಹೊರಟಿತು: ಚರ್ಚಿನ ಆಚಾರದಲ್ಲಿ ಯಾರೂ ತಮ್ಮಿಷ್ಟಕ್ಕೆ ಇನ್ನೋವೇಟ್ ಮಾಡಕೂಡದು. ದೊರೆಗೆ ಆಗ 10 ವರ್ಷ. ಮುಂದೆ ಹೆನ್ರಿ ಬರ್ಟನ್ ಎಂಬ ಪಾದ್ರಿ, ಬಿಷಪ್ಪರೇ ಇನ್ನೋವೇಷನ್ ಮಾಡುತ್ತಿದ್ದಾರೆ ಎಂದು ದೂರಿದ. 1637ರಲ್ಲಿ ಅವನ ಕಿವಿ ಕತ್ತರಿಸಿದರು. ನಮ್ಮವರು ಅಷ್ಟು ಕ್ರೂರಿಗಳಲ್ಲ. ದೂರು ಕೊಟ್ಟವರ ಕಿವಿ ಹಾಗೇ ಇರುತ್ತದೆ. ಕೇಳಬೇಕಾದವರು ತಮ್ಮದನ್ನು ಮನೆಯಲ್ಲಿಟ್ಟು ಬರುತ್ತಾರೆ, ಅಷ್ಟೇ. ನನ್ನ ದೂರಿಗೆ ‘ಪರಿಹರಿಸಲಾಗಿದೆ’ ಎಂಬ ಮೆಸೇಜ್ ಬಂದಾಗ ನಾನು ಆ ಗುಂಡಿಯ ಪಕ್ಕದಲ್ಲೇ ನಿಂತಿದ್ದೆ.

ಪದಕ್ಕೆ ಈಗಿನ ಸೂಟುಬೂಟು ತೊಡಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಶುಂಪೀಟರ್ ದೊಡ್ಡ ಹೆಸರು. ಕಂಡುಹಿಡಿಯುವುದೇ ಬೇರೆ, ಅದನ್ನು ವ್ಯವಹಾರಕ್ಕೆ ತರುವ ಇನ್ನೋವೇಷನ್ನೇ ಬೇರೆ ಎಂದು 1939ರಲ್ಲಿ ಬರೆದ. ಸರಿಯಾಗಿಯೇ ಇದೆ. ಗುಂಡಿ ಕಂಡುಹಿಡಿಯುವುದು ನನ್ನ ಸ್ಕೂಟರು. ವ್ಯವಹಾರ ಬೇರೆಯವರದು.

ನಿನ್ನೆ ಮತ್ತೆ ಅಗೆದರು. ನಾವೀನ್ಯತಾ ಕೇಂದ್ರದ ಬೋರ್ಡು ಕಿತ್ತು, ಓಡಾಡುವವರಿಗೆ ಅನುಕೂಲವಾಗಲಿ ಎಂದು ಗುಂಡಿಗೆ ಅಡ್ಡ ಹಾಸಿದ್ದಾರೆ. ಮೇಷ್ಟ್ರು ಹಾಲು ತರಲು ಹೋಗುವಾಗ ನೋಡಿದೆ. ಕೊಡೆ ಊರಿಕೊಂಡು, ಗುರಿಯಿಟ್ಟು, ಸರಿಯಾಗಿ ‘ತಾ’ ಮೇಲೆ ಕಾಲಿಟ್ಟು ದಾಟಿದರು.