ಸಂವಿಧಾನದ ಬುನಾದಿ ತಿದ್ದಲು ಜನಮತಗಣನೆ ಕಡ್ಡಾಯವಾಗಬೇಕೆ?

ಪರ: ಹಾಲಿನ ಸಂಘಕ್ಕಿರುವ ನಿಯಮ ದೇಶಕ್ಕೂ ಇರಲಿ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಬೈಲಾದಲ್ಲಿ ಒಂದು ಸಾಲು ಬದಲಾಗಬೇಕಾದರೂ ಸರ್ವಸದಸ್ಯರ ಸಭೆ ಕರೆಯಬೇಕು. ಆಡಳಿತ ಮಂಡಳಿ ಕೂತು ತೀರ್ಮಾನಿಸಿದರೆ ನಡೆಯುವುದಿಲ್ಲ. ಒಂದೇ ಹಸು ಕಟ್ಟಿಕೊಂಡ ಸದಸ್ಯೆಯನ್ನೂ ಕೇಳಬೇಕು. ಸಂವಿಧಾನಕ್ಕೆ ಆ ಭಾಗ್ಯವಿಲ್ಲ. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ, ಕೆಲವು ವಿಷಯಗಳಿಗೆ ಮಾತ್ರ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ. 368ನೇ ವಿಧಿ ಕೇಳುವುದು ಇಷ್ಟೇ.

ಇದು ಎಷ್ಟು ಸಲೀಸು ಎಂಬುದನ್ನು 1975ರ ಆಗಸ್ಟ್ ತೋರಿಸಿತು. ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ಕೈಗೆ ಸಿಗದಂತೆ ಮಾಡುವ 39ನೇ ತಿದ್ದುಪಡಿಗೆ 7ರಂದು ಲೋಕಸಭೆ, 8ರಂದು ರಾಜ್ಯಸಭೆ ಒಪ್ಪಿಗೆ ಕೊಟ್ಟವು. ಮರುದಿನ ಶನಿವಾರ, ಅಂದೇ ರಾಜ್ಯಗಳ ಶಾಸನಸಭೆಗಳು ಅನುಮೋದಿಸಿದವು. 10ರ ಭಾನುವಾರ ರಾಷ್ಟ್ರಪತಿಗಳ ಅಂಕಿತ ಬಿತ್ತು. 11ರಂದು, ತಮ್ಮ ಆಯ್ಕೆಯನ್ನು ಹೈಕೋರ್ಟು ರದ್ದುಮಾಡಿದ್ದರ ವಿರುದ್ಧ ಪ್ರಧಾನಿ ಇಂದಿರಾ ಗಾಂಧಿಯವರು ಸಲ್ಲಿಸಿದ್ದ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬರುವುದಿತ್ತು. ರೇಷನ್ ಕಾರ್ಡಿನಲ್ಲಿ ಹೆಸರಿನ ಒಂದಕ್ಷರ ತಿದ್ದಿಸಲು ನಾವು ಇದಕ್ಕಿಂತ ಹೆಚ್ಚು ದಿನ ಅಲೆಯುತ್ತೇವೆ.

ಆ ಪೆಟ್ಟು ತಿಂದವರೇ ಮದ್ದನ್ನೂ ಅರೆದರು. 1978ರಲ್ಲಿ ಜನತಾ ಸರ್ಕಾರದ ಕಾನೂನು ಸಚಿವ ಶಾಂತಿ ಭೂಷಣ್ ತಂದ 45ನೇ ತಿದ್ದುಪಡಿ ಮಸೂದೆಯಲ್ಲಿ ಒಂದು ಕಲಂ ಇತ್ತು. ದೇಶದ ಜಾತ್ಯತೀತ ಅಥವಾ ಪ್ರಜಾಸತ್ತಾತ್ಮಕ ಸ್ವರೂಪ, ಮೂಲಭೂತ ಹಕ್ಕುಗಳು, ಮುಕ್ತ ಚುನಾವಣೆ, ನ್ಯಾಯಾಂಗದ ಸ್ವಾತಂತ್ರ್ಯ: ಈ ನಾಲ್ಕಕ್ಕೆ ಧಕ್ಕೆ ತರುವ ಯಾವುದೇ ತಿದ್ದುಪಡಿ ಜನಮತಗಣನೆಯಲ್ಲಿ ಗೆಲ್ಲಬೇಕು, ಮತದಾರರಲ್ಲಿ ಕನಿಷ್ಠ ಶೇ 51 ಮಂದಿ ಮತ ಹಾಕಿರಬೇಕು. ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿನ ಬಲವಿತ್ತು, ಕಲಂ ಬಿದ್ದುಹೋಯಿತು. ಅದಿಲ್ಲದೆಯೇ ಮಸೂದೆ 44ನೇ ತಿದ್ದುಪಡಿಯಾಗಿ ಜಾರಿಗೆ ಬಂತು.

ಕೋರ್ಟು ಇದೆಯಲ್ಲ ಎನ್ನುತ್ತಾರೆ. ಇದೆ. 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠದಲ್ಲಿ ಸಂವಿಧಾನದ ಬುನಾದಿಯನ್ನು ಸಂಸತ್ತು ಕೆಡವುವಂತಿಲ್ಲ ಎಂಬ ‘ಮೂಲ ಸಂರಚನೆ’ ಸಿದ್ಧಾಂತ ಉಳಿದುಕೊಂಡದ್ದು 7–6ರಲ್ಲಿ. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಕೋರ್ಟು ತುರ್ತುಪರಿಸ್ಥಿತಿಯ ಬಂಧಿತರಿಗೆ ಹೇಬಿಯಸ್ ಕಾರ್ಪಸ್, ಅಂದರೆ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಬಾಗಿಲನ್ನೇ ಮುಚ್ಚಿತು. ಐವರ ಪೀಠದಲ್ಲಿ ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಅಂಥ ಒಬ್ಬರು ಪ್ರತಿ ಪೀಠದಲ್ಲೂ ಇರುತ್ತಾರೆಂಬ ಭರವಸೆಯ ಮೇಲೆ ನನ್ನ ಹಕ್ಕುಗಳು ನಿಂತಿರುವುದು ನನಗೆ ಸರಿ ಕಾಣುವುದಿಲ್ಲ. ಜಿಎಸ್‌ಟಿಗೂ ಮತಗಟ್ಟೆ ತೆರೆಯಿರಿ ಎನ್ನುತ್ತಿಲ್ಲ. ಆ ನಾಲ್ಕಕ್ಕೆ ಸಾಕು.

ವಿರೋಧ: ಎಡನೀರಿನ ಬೀಗವೇ ಗಟ್ಟಿ

ಹಾಲಿನ ಸಂಘದ ಸಭೆಯಲ್ಲಿ ಸದಸ್ಯೆ ಎದ್ದು ನಿಂತು ‘ಈ ಸಾಲು ಬೇಡ, ಹೀಗೆ ಬರೆಯಿರಿ’ ಎನ್ನಬಹುದು. ಜನಮತಗಣನೆಯ ಮತಪತ್ರದಲ್ಲಿ ಆ ಜಾಗವೇ ಇಲ್ಲ. ಹೌದು ಅಥವಾ ಅಲ್ಲ, ಎರಡೇ. ಪ್ರಶ್ನೆ ಬರೆಯುವವರು ಅಧಿಕಾರದಲ್ಲಿರುವವರು.

1975ರ ಆಗಸ್ಟಿನಲ್ಲಿ ಈ ನಿಯಮ ಇದ್ದಿದ್ದರೆ ಏನಾಗುತ್ತಿತ್ತು? ವಿರೋಧ ಪಕ್ಷಗಳ ನಾಯಕರು ಜೈಲಿನಲ್ಲಿ, ಪತ್ರಿಕೆಗಳ ಮೇಲೆ ಸೆನ್ಸಾರ್ ಕತ್ತರಿ. ಫಲಿತಾಂಶ ಹೇಳಲು ಪಂಚಾಂಗ ನೋಡಬೇಕಿರಲಿಲ್ಲ. ಟರ್ಕಿ 2017ರಲ್ಲಿ ತುರ್ತುಪರಿಸ್ಥಿತಿಯ ನಡುವೆಯೇ ಜನರ ಮುಂದೆ ಹೋಗಿ, ಶೇ 51.4 ಮತ ಪಡೆದು, ಪ್ರಧಾನಿ ಹುದ್ದೆಯನ್ನೇ ರದ್ದುಮಾಡಿ ಅಧಿಕಾರವನ್ನೆಲ್ಲ ಅಧ್ಯಕ್ಷರ ಕೈಗಿತ್ತಿತು. ನಮ್ಮಲ್ಲಿ 39ನೇ ತಿದ್ದುಪಡಿಯ ಆ ಕಲಮನ್ನು ಅದೇ ನವೆಂಬರಿನಲ್ಲಿ ಹೊಡೆದುಹಾಕಿದ್ದು ಸುಪ್ರೀಂ ಕೋರ್ಟು. ಅದಕ್ಕೆ ಆಯುಧ ಸಿಕ್ಕಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ ಬಂದ ಆ 1973ರ ತೀರ್ಪಿನಿಂದ. ಯಕ್ಷಗಾನ, ಸಂಗೀತಗಳಲ್ಲಿ ಮುಳುಗಿದ್ದ ಅವರು ಕೋರ್ಟಿಗೆ ಹೋದದ್ದು ಮಠದ ಜಮೀನಿಗಾಗಿ. ಜಮೀನು ಉಳಿಯಲಿಲ್ಲ, ಸಿದ್ಧಾಂತ ಉಳಿಯಿತು. 7–6 ಎಂದು ಹಂಗಿಸುವವರು ನೆನಪಿಡಬೇಕಾದದ್ದು, ಐವತ್ತು ವರ್ಷ ಕಳೆದರೂ ಅದನ್ನು ಯಾವ ಪೀಠವೂ ತಳ್ಳಿಹಾಕಿಲ್ಲ. 1976ರ ಆ ಹೇಬಿಯಸ್ ಕಾರ್ಪಸ್ ತೀರ್ಪಿನ ಕಳಂಕವನ್ನು ಮಾತ್ರ ನಾನು ಅಲ್ಲಗಳೆಯಲಾರೆ.

ಐರ್ಲೆಂಡಿನಲ್ಲಿ ಸಂವಿಧಾನದ ಪ್ರತಿ ತಿದ್ದುಪಡಿಗೂ ಜನಮತಗಣನೆ ಕಡ್ಡಾಯ. 1983ರಲ್ಲಿ ಮತ ಹಾಕಿದವರಲ್ಲಿ ಸುಮಾರು ಶೇ 67 ಮಂದಿ, ಗರ್ಭದಲ್ಲಿರುವ ಜೀವಕ್ಕೆ ತಾಯಿಯಷ್ಟೇ ಬದುಕುವ ಹಕ್ಕು ಕೊಡುವ 8ನೇ ತಿದ್ದುಪಡಿಗೆ ‘ಹೌದು’ ಎಂದರು. 2012ರ ಅಕ್ಟೋಬರಿನಲ್ಲಿ ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ ಗಾಲ್ವೆಯ ಆಸ್ಪತ್ರೆ ಸೇರಿದರು. 17 ವಾರಗಳ ಬಸಿರು ಉಳಿಯುವುದಿಲ್ಲವೆಂದು ಗೊತ್ತಾದ ಮೇಲೆ ಗರ್ಭಪಾತ ಮಾಡಿ ಎಂದು ಕೇಳಿಕೊಂಡರು. ಭ್ರೂಣದ ಎದೆ ಬಡಿಯುತ್ತಿತ್ತು, ಆಗಲಿಲ್ಲ. ನಂಜೇರಿ 31ನೇ ವಯಸ್ಸಿಗೆ ತೀರಿಕೊಂಡರು. ಆ ಕಲಮನ್ನು ತೆಗೆಯಲು ಮತ್ತೊಂದು ಜನಮತಗಣನೆ ನಡೆದದ್ದು 2018ರ ಮೇ 25ರಂದು, ಶೇ 66.4 ಮತಗಳಿಂದ. ಜನರೇ ತಪ್ಪನ್ನು ತಿದ್ದಿಕೊಂಡರು ಎಂದು ಹೊಗಳುವವರಿದ್ದಾರೆ. ತಿದ್ದಿಕೊಳ್ಳಲು 35 ವರ್ಷ ಬೇಕಾಯಿತು. ಒಂದು ದೇಶದ ಬಹುಮತ ಸಂವಿಧಾನದಲ್ಲಿ ಬರೆದಿಟ್ಟದ್ದನ್ನು ಅಷ್ಟು ಕಾಲ ಯಾವ ಸಂಸತ್ತೂ ಅಳಿಸುವಂತಿರಲಿಲ್ಲ.

ಇನ್ನು ನಮ್ಮ ರಾಜ್ಯದ ಮಾತು. ಲೋಕಸಭೆಯಲ್ಲಿ ಉತ್ತರ ಪ್ರದೇಶಕ್ಕೆ 80 ಸ್ಥಾನ, ಕರ್ನಾಟಕಕ್ಕೆ 28. ದೇಶದ ಮತಗಳನ್ನೆಲ್ಲ ಒಂದೇ ರಾಶಿ ಹಾಕಿ ಎಣಿಸಿದರೆ ನಮ್ಮ ‘ಬೇಡ’ ಎಲ್ಲಿ ಕೇಳಿಸುತ್ತದೆ? ಆಸ್ಟ್ರೇಲಿಯಾ ಒಟ್ಟು ಮತಗಳ ಬಹುಮತದ ಜೊತೆಗೆ ಆರರಲ್ಲಿ ನಾಲ್ಕು ರಾಜ್ಯಗಳ ಬಹುಮತವನ್ನೂ ಕೇಳುತ್ತದೆ. ಅಲ್ಲಿ ಈವರೆಗೆ ಜನರ ಮುಂದೆ ಹೋದ 45 ಪ್ರಸ್ತಾವಗಳಲ್ಲಿ ಗೆದ್ದದ್ದು ಎಂಟು. 1978ರ ಕಲಮಿನಲ್ಲಿ ರಾಜ್ಯಗಳ ಲೆಕ್ಕವೇ ಇರಲಿಲ್ಲ.