ಮೊದಲ ನಿರ್ವಾಣ

‘ನಿರ್ವಾಣ’ ಬ್ಯಾಂಡ್ ಅಂದರೆ ಎಲ್ಲರಿಗೂ ನೆನಪಾಗುವುದು ಅಮೆರಿಕದ ರಾಕ್ ಹಾಡುಗಾರ ಕರ್ಟ್ ಕೋಬೇನ್. ನನಗೂ ಅವನ ಹಾಡುಗಳು ಇಷ್ಟ. ಆದರೆ ಅವನು ಹುಟ್ಟಿದ 1967ರಲ್ಲೇ ಲಂಡನ್ನಿನಲ್ಲಿ ಇಬ್ಬರು ಇದೇ ಹೆಸರಿಟ್ಟುಕೊಂಡು ರೆಕಾರ್ಡ್ ತಂದಿದ್ದರು. ಐರ್ಲೆಂಡಿನ ಪ್ಯಾಟ್ರಿಕ್ ಕ್ಯಾಂಬೆಲ್-ಲಯನ್ಸ್, ಗ್ರೀಸ್‌ನ ಅಲೆಕ್ಸ್ ಸ್ಪಿರೋಪುಲೋಸ್. ಇವರನ್ನು ಜನ ಬರೀ ಹೆಸರಿಗಾಗಿ ನಡೆದ ಕೋರ್ಟ್ ಕೇಸಿನ ಸುದ್ದಿಯಾಗಿ ನೆನೆಯುವುದು ನನಗೆ ಬೇಸರ ತರುತ್ತದೆ.

ಕೂತು ಹಾಡು ಕಟ್ಟುವುದೇ ಇವರ ಕೆಲಸ. ಗಿಟಾರ್ ಅಬ್ಬರ ಇಲ್ಲ. ಚೆಲ್ಲೋ, ಫ್ರೆಂಚ್ ಹಾರ್ನ್, ಪಿಯಾನೋ, ಮೇಲೆ ಮೆತ್ತಗಿನ ದನಿ. ಐಲ್ಯಾಂಡ್ ರೆಕಾರ್ಡ್ಸ್ 1967ರಲ್ಲಿ ಹೊರತಂದ ಮೊದಲ ಆಲ್ಬಂ ‘ದಿ ಸ್ಟೋರಿ ಆಫ್ ಸೈಮನ್ ಸೈಮೋಪಾತ್’ ಪೂರ್ತಿ ಒಂದೇ ಕಥೆ. ರೆಕ್ಕೆ ಬೇಕು ಅಂತ ಹಂಬಲಿಸುವ ಹುಡುಗನ ಕಥೆ. ಇದೇ ಥರ ಒಂದೇ ಕಥೆ ಹೇಳಿ ಹೆಸರಾದ ಆಲ್ಬಂ, ಬ್ರಿಟನ್ನಿನ ರಾಕ್ ತಂಡ ‘ದಿ ಹೂ’ದ ‘ಟಾಮಿ’, ಬಂದಿದ್ದು 1969ರಲ್ಲಿ. ಆಲ್ಬಂ ಪೂರ್ತಿ ಒಂದೇ ಕಥೆ ಹೇಳುವ ರೂಢಿ ಬಗ್ಗೆ ಮಾತಾಡುವಾಗ ಈ ಇಬ್ಬರ ಹೆಸರು ಮೊದಲೇ ಬರಬೇಕಲ್ವಾ?

ಇನ್ನು 1968ರ ‘ರೇನ್‌ಬೋ ಚೇಸರ್’. ಎರಡೂವರೆ ನಿಮಿಷದ ಹಾಡು. ಅದರಲ್ಲಿ ಫೇಸಿಂಗ್ ಅನ್ನುವ ತಂತ್ರವಿದೆ. ಒಂದೇ ದನಿಯ ಎರಡು ಟೇಪ್‌ಗಳನ್ನು ಒಂದಿಷ್ಟೇ ಹಿಂದೆಮುಂದೆ ಮಾಡಿ ಒಟ್ಟಿಗೆ ಓಡಿಸುವುದು. ಆಗ ಇಡೀ ಸಂಗೀತ ಗಾಳಿಯಲ್ಲಿ ತಿರುಗಿದ ಹಾಗೆ ಕೇಳಿಸುತ್ತದೆ. ಬೇರೆಯವರು ಇದನ್ನು ಅಲ್ಲಲ್ಲಿ ಚಿಮುಕಿಸುತ್ತಿದ್ದರು. ಇವರು ಹಾಡಿನ ತುಂಬ ಸುರಿದರು. ಮೊದಲ ಸಲ ಕೇಳಿದಾಗ ನಾನು ಸುಮ್ನೆ ಕಣ್ಣು ಮುಚ್ಚಿ ಕೂತುಬಿಟ್ಟೆ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 34ನೇ ಸ್ಥಾನಕ್ಕೆ ಬಂದು ನಿಂತಿತು. ಅದೇ ಅವರ ದೊಡ್ಡ ಹಿಟ್!

ಫ್ರಾನ್ಸ್‌ನ ಟಿವಿ ಕಾರ್ಯಕ್ರಮವೊಂದರಲ್ಲಿ ಹಾಡುತ್ತಿದ್ದಾಗ ಚಿತ್ರಕಾರ ಸಾಲ್ವಡಾರ್ ಡಾಲಿ ಇವರ ಮೇಲೆ ಕಪ್ಪು ಬಣ್ಣ ಎರಚಿದ್ದೂ ಇದೆ.

ಸ್ಟುಡಿಯೋದಲ್ಲಿ ಇಷ್ಟೊಂದು ವಾದ್ಯ ಸೇರಿಸಿ ಕಟ್ಟಿದ ಹಾಡನ್ನು ಊರೂರಿಗೆ ಹೊತ್ತು ಹಾಡುವುದು ಸುಲಭವಲ್ಲ. ಇವರು ಜಾಸ್ತಿ ಜನರಿಗೆ ತಲುಪದೇ ಇರಲು ಅದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. 1971ರ ಹೊತ್ತಿಗೆ ಇಬ್ಬರೂ ಜಗಳವಿಲ್ಲದೆ ಬೇರೆಯಾದರು.

‘ನಿರ್ವಾಣ’ ಹೆಸರಿಗಾಗಿ ಇವರು ಕೋಬೇನ್ ತಂಡದ ಮೇಲೆ ಕೇಸ್ ಹಾಕಿದ್ದು 1992ರಲ್ಲಿ. ಕೋರ್ಟಿನ ಹೊರಗೇ ರಾಜಿಯಾಯಿತು. ಆಮೇಲೆ ಇವರು ಕೋಬೇನ್ ಬರೆದ ‘ಲಿಥಿಯಂ’ ಹಾಡನ್ನು ತಮ್ಮದೇ ಮೆತ್ತಗಿನ ಧಾಟಿಯಲ್ಲಿ ಹಾಡಿದರು. ಅದನ್ನೂ ಕೇಳಿ. ಆದರೆ ಮೊದಲು ‘ರೇನ್‌ಬೋ ಚೇಸರ್’. ಹೆಡ್‌ಫೋನ್ ಮರೀಬೇಡಿ.